ಸನ್ನದ ಸರಾಸರಿ

ಒಂದೇ ಕೈ, ಒಂದೇ ಹಿಟ್ಟು, ಒಂದೇ ಬೆಂಕಿ ಇದ್ದರೂ ಇಡ್ಲಿಯಂತೆ ಹಬೆಯಲ್ಲಿ ಬೇಯುವ ಎರಡು ಸನ್ನ ಒಂದೇ ಎತ್ತರಕ್ಕೆ ಉಬ್ಬುವುದಿಲ್ಲ. ಅಡುಗೆಮನೆ ಕಂಡವರಿಗೆಲ್ಲ ಇದು ಗೊತ್ತಿರಬೇಕು. ಕೊಡಿಯಾಲ್‌ಬೈಲಿನ ಗಣಿತದ ಮಾಸ್ತರು ಗ್ರೆಗರಿಗೂ ಗೊತ್ತಿತ್ತು. ಆದರೆ ಪುಸ್ತಕದಿಂದ.

ಅವರ ತಾಯಿ ಅಪೊಲೋನಿಯಾ ಬಾಯಿಯದ್ದು, ನೆಂಟರ ಎದುರು ಒಂದೇ ರಾಗ: "ನನ್ನ ಸನ್ನ ಮೋಡ. ಸೊಸೆಯದ್ದು ಚಪ್ಪಲಿ."

ಇಗರ್ಜಿಯ ಹಬ್ಬ ಹತ್ತಿರ ಬಂದಾಗ ಹೆಂಡತಿ ಕ್ರಿಸ್ಟಿನ್ ಸೊಂಟದ ಮೇಲೆ ಕೈಯಿಟ್ಟಳು. "ಊಟಕ್ಕೆ ನನ್ನ ಅಣ್ಣ ಪಿಯುಸ್ ಬರ್ತಾನೆ. ಅವನ ಎದುರು ಆ ಚಪ್ಪಲಿಯ ಮಾತು ಬಂದ್ರೆ, ನಾನು ಅವನ ಜೊತೆಯೇ ತವರಿಗೆ ಹೋಗ್ತೇನೆ. ತಿಳೀತಾ?"

"ಬೊಬ್ಬೆ ಬೇಡ. ವಿಜ್ಞಾನ ಉಂಟು! ಇಬ್ಬರದ್ದನ್ನೂ ಅಳೆದೇ ನೋಡುವ!" ಎಂದರು ಗ್ರೆಗರಿ, ನ್ಯಾಯಪೀಠ ಏರಿದವರಂತೆ. ಪ್ರತ್ಯೇಕ ಹಿಟ್ಟು, ಪ್ರತ್ಯೇಕ ಪಾತ್ರೆ, ಒಂದರ ನೆರಳು ಇನ್ನೊಂದಕ್ಕೆ ಬೀಳಬಾರದು ಎಂದು ಅಪ್ಪಣೆಯಾಯಿತು. ಹಿಟ್ಟು ಉಬ್ಬಲು ಎರಡಕ್ಕೂ ಒಂದೇ ಕುಡಿಕೆಯ ಕಳ್ಳು. (ಪಾನನಿರೋಧದ ಊರಲ್ಲಿ ಕಳ್ಳು ಎಲ್ಲಿಯದೆಂದು ಕೇಳುವವರು ಹಬ್ಬದೂಟಕ್ಕೆ ಬರುವುದು ಬೇಡ.)

ಹಬ್ಬಕ್ಕೆ ಮೊದಲಿನ ಭಾನುವಾರ ಗ್ರೆಗರಿ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬಂದವರೇ ಬಿಸಿ ಸನ್ನಗಳನ್ನು ಫೂಟುಪಟ್ಟಿಯಿಂದ ಅಳೆದರು.

"ಮಾಂಯ್, ಸರಾಸರಿಯಲ್ಲಿ ನಿಮ್ಮದು ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಎತ್ತರ."

"ನೋಡಿದೆಯಾ!" ಎಂದು ಮುದುಕಿ ಚಪ್ಪಾಳೆ ತಟ್ಟಿದರು.

"ತಾಳಿ. ನಿಮ್ಮ ಸನ್ನಗಳಲ್ಲೇ ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ನೂಲು ಏರುಪೇರು. ಅವಳದ್ದರಲ್ಲೂ ಹಾಗೆಯೇ. ಅಷ್ಟು ಏರುಪೇರಿನಲ್ಲಿ ಈ ಒಂದು ನೂಲು ಬರೀ ಅದೃಷ್ಟವೂ ಆಗಬಹುದು. ನಿಮ್ಮಿಬ್ಬರ ಕೈಯಲ್ಲಿ ವ್ಯತ್ಯಾಸ ಉಂಟೆಂದು ಹೇಳಲಿಕ್ಕಾಗುವುದಿಲ್ಲ."

ಕ್ರಿಸ್ಟಿನ್ ಸೆರಗು ಬಾಯಿಗಿಟ್ಟು ನಕ್ಕಳು. "ವ್ಯತ್ಯಾಸ ಎಲ್ಲಿಂದ ಬರ್ಬೇಕು ಮಾರಾಯ್ರೆ? ಎರಡನ್ನೂ ರುಬ್ಬಿದ್ದು ನಾನೇ."

ಫೂಟುಪಟ್ಟಿ ಕೈಜಾರಿತು. "ಮಾಂಯ್, ಹಾಗಾದ್ರೆ ನೀವು ಮಾಡಿದ್ದು ಎಂತ?"

"ಹಿಟ್ಟಿನ ಮೇಲೆ ಶಿಲುಬೆಯ ಗುರುತು ಹಾಕಿದೆ. ಈ ಸೊಂಟದಲ್ಲಿ ರುಬ್ಬಲಿಕ್ಕೆ ಆಗ್ತದಾ ಪುತಾ? ಇವಳು ಬಂದಂದಿನಿಂದ ನನ್ನ ಸನ್ನ ಹಾಗೆಯೇ ಅಲ್ವಾ?"

"ಪರೀಕ್ಷೆ ಹಾಳಾಯ್ತು! ಬೇರೆ ಕೈ ಬೇಕು!"

ಅತ್ತೆ ಸೊಸೆಯನ್ನು ನೋಡಿದರು, ಸೊಸೆ ಅತ್ತೆಯನ್ನು. ಮದುವೆಯ ನಂತರ ಮೊದಲ ಬಾರಿ ಇಬ್ಬರೂ ಒಂದೇ ಕಡೆ ತಿರುಗಿದರು, ಗ್ರೆಗರಿಯ ಕಡೆ. "ಬೇರೆ ಕೈ ಮನೆಯಲ್ಲೇ ಉಂಟಲ್ಲ!"

ಹಬ್ಬದ ದಿನ ಮೇಜಿನ ಮೇಲೆ ಎರಡು ಬುಟ್ಟಿ. ಪಿಯುಸ್ ಒಂದರಿಂದ ಸನ್ನ ತೆಗೆದು ಮೇಜಿಗೆ ಕುಟ್ಟಿ, "ಇದೆಂತ ಭಾವ, ಪೇಪರ್‌ವೆಯ್ಟಾ?" ಎಂದ. ಅಳೆಯುವ ಅಗತ್ಯವೇ ಬೀಳಲಿಲ್ಲ.

ಅಪೊಲೋನಿಯಾ ಬಾಯಿ ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು: "ಸೊಸೆಯದ್ದು ಮೋಡ. ಚಪ್ಪಲಿ ಮಗನದ್ದು."

ನಗ್ತೀರಾ ಸ್ವಾಮಿ? ನೀವು ಊರೆಲ್ಲ ಹೊಗಳುವ ಆ ‘ಅಮ್ಮನ ಕೈರುಚಿ’ಯನ್ನು ನಿಮ್ಮ ಮನೆಯಲ್ಲಿ ರುಬ್ಬುತ್ತಿರುವುದು ಯಾರು? ಪೇಪರು ಕೆಳಗಿಡಿ. ಹೋಗಿ, ಆ ರುಬ್ಬುಗುಂಡು ಹಿಡಿಯಿರಿ.