ನೇರಳೆ ಬಣ್ಣಕ್ಕೆ ತಿರುಗಿದ ಚೀಲದವರಿಗೆ

ನಮ್ಮ ಮಂಚದ ಪಟ್ಟಿಗೆ ಎರಡು ವಾರ ನೇತುಬಿದ್ದು ಸೇವೆ ಸಲ್ಲಿಸಿ, ಕಳೆದ ವಾರ ನಿವೃತ್ತರಾದ ಮಾನ್ಯ ಮೂತ್ರದ ಚೀಲದವರೇ,

ಕುಣಿಗಲ್ಲಿನಿಂದ ಖುರ್ಷಿದಾ ಬೇಗಂ ಮಾಡುವ ಸಲಾಮುಗಳು. ಪಾರ್ಶ್ವವಾಯು ಬಡಿದು ಐದು ತಿಂಗಳಿಂದ ಮಲಗಿರುವ ನನ್ನ ಯಜಮಾನರು, ಟೈಲರ್ ನಯಾಜ್ ಅಹಮದ್, ನೋಡಲು ಬಂದವರ ಕಣ್ಣು ಚೀಲದವರಾದ ತಮ್ಮ ಮೇಲೆ ಬಿದ್ದರೆ ಸಾಕು, ನಾಚಿಕೆಯಿಂದ ಗೋಡೆಗೆ ಮುಖ ತಿರುಗಿಸುತ್ತಿದ್ದರು. ಅದಕ್ಕೇ ಗುಬ್ಬಿಯಿಂದ ತರಿಸಿದ್ದ ನೇರಳೆ ಬಣ್ಣದ ರವಿಕೆ ಬಟ್ಟೆಯಲ್ಲಿ ತಮಗೊಂದು ಕವರ್ ಹೊಲಿದು ತೊಡಿಸಿದೆ. ಮೂವತ್ತು ವರ್ಷ ನನ್ನ ಒಂದು ಹೊಲಿಗೆಯನ್ನೂ ಒಪ್ಪದ ಮನುಷ್ಯ ಆ ಕವರ್ ನೋಡಿ ಏನೂ ಅನ್ನಲಿಲ್ಲ. ಕೊನೆಗೂ ಒಪ್ಪಿದರಲ್ಲ ಎಂದು ನಾನು ಬೀಗಿದೆ.

ಆಮೇಲೆ ತಾವು ನೇರಳೆ ಬಣ್ಣಕ್ಕೆ ತಿರುಗಿದಿರಿ. ದರ್ಜಿಯ ಹೆಂಡತಿಗೆ ಇನ್ನೇನು ತೋಚೀತು? ಬಟ್ಟೆ ಬಣ್ಣ ಬಿಟ್ಟಿದೆ ಎಂದು ಕವರನ್ನು ಉಪ್ಪುನೀರಿನಲ್ಲಿ ಮೂರು ಸಲ ನೆನೆಹಾಕಿದೆ, ಗುಬ್ಬಿಯ ಅಂಗಡಿಯವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ತಮ್ಮ ಅಡಿಯ ನಲ್ಲಿ ತಿರುಗಿಸಿ ಇಳಿಸಿದ ಮೂತ್ರ ಹೆಚ್ಚುಕಡಿಮೆ ಹಳದಿಯಾಗಿಯೇ ಇತ್ತು. ಯಜಮಾನರ ಮೈ ಮಾತ್ರ ಬೆಚ್ಚಗಿತ್ತು.

ಬಣ್ಣ ತಿರುಗಿದ ನಾಲ್ಕನೆಯ ದಿನ, ಮೂತ್ರದ ನಳಿಕೆ ನೋಡಲು ಮನೆಗೆ ಬರುವ ನರ್ಸ್ ಅರುಣಾ ಕವರ್ ಬಿಚ್ಚಿದರು. "ಬಟ್ಟೆ ಬಣ್ಣ ಅಲ್ಲ ಕಣಮ್ಮ, ಒಳಗಿಂದಾನೇ ಬಂದೈತೆ. ಮೋಶನ್ ಸರಿಯಾಗಿ ಆಗ್ತಿಲ್ಲ, ಮೂತ್ರದಾಗೆ ಇನ್‌ಫೆಕ್ಷನ್ನೂ ಆಗೈತೆ, ಎರಡೂ ಸೇರಿದ್ರೆ ಚೀಲ ಹಿಂಗೇ ನೇರಳೆ ಆಗ್ತೈತೆ. ಇವ್ರು ಮಾತಾಡಿ ಎಷ್ಟ್ ದಿನ ಆಯ್ತು?" ಎಂದರು. ನಾನು ಮೆಚ್ಚುಗೆ ಎಂದುಕೊಂಡ ಅವರ ಮೌನ ಜ್ವರದ್ದಾಗಿತ್ತು. ಆ ದಿನವೇ ತುಮಕೂರಿಗೆ ಒಯ್ದೆವು. ನಳಿಕೆ ಬದಲಾಯಿತು, ತಾವೂ ಬದಲಾದಿರಿ, ಇಂಜೆಕ್ಷನ್ ಶುರುವಾಯಿತು.

ಮನೆಯಲ್ಲಿ ನಿಜ ಹೇಳಿದವರು ತಾವೊಬ್ಬರೇ, ಅದಕ್ಕೆ ನಾನು ಋಣಿ. ಆದರೂ ಒಂದು ವಿನಂತಿ: ಮುಂದೆ ತಮ್ಮ ವಂಶದವರು ಬಣ್ಣ ಬದಲಿಸುವ ಮುನ್ನ ದಯವಿಟ್ಟು ಲಿಖಿತ ನೋಟೀಸು ಕೊಡಲಿ, ಮನೆಯಲ್ಲಿರುವ ಬಟ್ಟೆಗಳನ್ನು ಒಮ್ಮೆ ನೋಡಿಕೊಂಡು ಬೇರೆ ಬಣ್ಣವನ್ನು ಆರಿಸಲಿ.

ತಮ್ಮ ವಿಶ್ವಾಸಿ,
ಖುರ್ಷಿದಾ ಬೇಗಂ

ತಾ.ಕ.: ತಮ್ಮ ಜಾಗಕ್ಕೆ ಬಂದವರಿಗೆ ಸೊಳ್ಳೆಪರದೆಯ ತುಂಡಿನಲ್ಲಿ ಕವರ್ ಹೊಲಿದಿದ್ದೇನೆ, ಒಳಗಿನದೆಲ್ಲ ಕಾಣುತ್ತದೆ. ನಿನ್ನೆ ಯಜಮಾನರು ಸ್ವಾಧೀನವಿರುವ ಕೈಯಿಂದ ಅದರ ಅಂಚು ಸವರಿ, ಅರುಣಾ ಅವರ ಎದುರೇ "ಸೊಟ್ಟ ಹೊಲ್ದಿದೀಯ, ಬಿಚ್ಚು" ಎಂದರು. ಬಿಚ್ಚಿ ಮತ್ತೆ ಹೊಲಿದಿದ್ದೇನೆ, ಈ ಸಲ ಬೇಕೆಂದೇ ಸೊಟ್ಟಗೆ.