ಕಾಕಾ ಯಾವ ಕ್ಲಾಸು?

ನಮ್ಮ ಕಾಕಾ ತಮ್ಮ ಜೀವಮಾನದಲ್ಲಿ ಯಾವ ವಾಹನವನ್ನೂ ಓವರ್‌ಟೇಕ್ ಮಾಡಿದವರಲ್ಲ. ಸುಳ್ಳು ಹೇಳಬಾರದು, ಒಮ್ಮೆ ಒಂದು ರೋಡ್ ರೋಲರನ್ನು ಹಿಂದೆ ಹಾಕಿದ್ದರು. ಆದರೆ ಅದು ಕೆಟ್ಟು ನಿಂತಿತ್ತು! ಇಂಥವರು ಒಂದು ದಿನ ಕಾರ್ ರೇಸಿಗೆ ಹೆಸರು ಕೊಟ್ಟು ಬಂದರೆ ಮನೆಯವರ ಗತಿ ಏನಾಗಬೇಕು, ನೀವೇ ಹೇಳಿ?

ತೊಂಬತ್ತರ ದಶಕದ ಕೊನೆಯ ಮಾತು ಇದು. ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಎತ್ತಿ ನಾಗಪುರದ ಸದರ್ ಶಾಖೆಗೆ ಒಗೆದಿದ್ದರು. ಲಕ್ಷ್ಮೀ ನಗರದಲ್ಲಿದ್ದ ಕಾಕಾನ ಮನೆಯಲ್ಲೇ ನನ್ನ ಊಟ, ವಸತಿ. ಕಾಕಾ, ಅವರ ಹೆಂಡತಿ ಕಾಕು, ಕಾಕುವಿನ ವಯಸ್ಸಾದ ತಾಯಿ, ಇಷ್ಟೇ ಜನ. ಆ ತಾಯಿಯನ್ನು ಎಲ್ಲರೂ ಅಜ್ಜಿ ಎನ್ನುತ್ತಿದ್ದೆವು. ಕಾಕಾ ಆರ್ಡ್ನನ್ಸ್ ಫ್ಯಾಕ್ಟರಿಯಿಂದ ನಿವೃತ್ತರಾಗಿ, ದುಂಡು ಮೂಗಿನ ಬಾದಾಮಿ ಬಣ್ಣದ ಹಳೆಯ ಕಾರೊಂದನ್ನು ಕೊಂಡು, ದಿನಾ ಬೆಳಿಗ್ಗೆ ಅದಕ್ಕೆ ಸ್ನಾನ ಮಾಡಿಸಿ ಸುಖವಾಗಿದ್ದರು. ಅಷ್ಟರಲ್ಲಿ ಯಾರೋ ಅವರ ಕಿವಿಯಲ್ಲಿ ಆಟೊಕ್ರಾಸ್ ಎಂಬ ಮಂತ್ರ ಊದಿದರು.

ಆಟೊಕ್ರಾಸ್ ಎಂದರೆ ಖಾಲಿ ಬಯಲಿನಲ್ಲಿ ಪ್ಲಾಸ್ಟಿಕ್ ಕೋನುಗಳನ್ನು ಇಟ್ಟು, ಅವುಗಳ ನಡುವೆ ಕಾರನ್ನು ಹಾವಿನ ಹಾಗೆ ಹೊರಳಿಸುತ್ತ ಓಡಿಸುವ ಹವ್ಯಾಸಿಗಳ ಸ್ಪರ್ಧೆ. ಕಾಕಾನ ಮನಸ್ಸನ್ನು ಕದ್ದದ್ದು ಓಟವಲ್ಲ, ಅಲ್ಲಿನ ಕ್ಲಾಸುಗಳು! ಸಣ್ಣ ಎಂಜಿನ್ನಿನ ಕಾರಿಗೆ ಸಣ್ಣವರ ಜೊತೆಗೇ ಪೈಪೋಟಿ, ದೊಡ್ಡದಕ್ಕೆ ದೊಡ್ಡವರ ಜೊತೆ. ಅದರಲ್ಲೂ ಎರಡು ಪಂಗಡ. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇದ್ದರೆ ‘ಸ್ಟಾಕ್’. ಒಳಗೆ ಹೊರಗೆ ಕೈಯಾಡಿಸಿ ಜೋರು ಮಾಡಿದ್ದರೆ ‘ಮಾಡಿಫೈಡ್’. ಹೆಂಗಸರಿಗೆ ಬೇರೆ, ಹೊಸಬರಿಗೆ ಬೇರೆ.

“ಎಂಥಾ ನ್ಯಾಯ ಐತಿ ನೋಡೋ! ಆನಿ ಜೋಡಿ ಆನಿ, ಇರುವಿ ಜೋಡಿ ಇರುವಿ. ಜಗತ್ತಿನಾಗ ಎಲ್ಲೆ ಸಿಗತೈತಿ ಇಂಥಾ ನ್ಯಾಯ?” ಎಂದರು ಕಾಕಾ.

ಜಗತ್ತಿನಲ್ಲಿ ಸಿಗದಿದ್ದರೆ ಬಿಡುವುದುಂಟೆ? ಮನೆಯಿಂದಲೇ ಶುರು ಮಾಡಿದರು. ಕಾಕು ಒಂದು ದಿನ, “ನನ್ನ ಚಪಾತಿ ಮೆತ್ತಗ ಅದಾವೋ, ನಿಮ್ಮ ವೈನಿಯವರ ಚಪಾತಿಯೋ?” ಎಂದು ಕಾಕಾನ ಅತ್ತಿಗೆಯನ್ನು ಎಳೆದು ತಂದು ಕೇಳಿದರು. ಇಂಥ ಪ್ರಶ್ನೆಗೆ ಸಂಸಾರಸ್ಥರಾರೂ ಉತ್ತರ ಕೊಟ್ಟು ಬದುಕಿದ್ದಿಲ್ಲ! ಕಾಕಾ ಮಾತ್ರ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: “ಹೋಲಿಸಾಕ ಬರೂದಿಲ್ಲ. ನಿಂದು ಸ್ಟಾಕ್. ವೈನಿ ಹಿಟ್ಟಿನಾಗ ಹಾಲು ಹಾಕತಾಳ, ಅದು ಮಾಡಿಫೈಡ್.” ಕಾಕು ಖುಷಿಯಿಂದ ಇನ್ನೊಂದು ಚಪಾತಿ ಬಡಿಸಿದರು. ಅದಕ್ಕೆ ತುಪ್ಪ ಹಚ್ಚಿಕೊಳ್ಳುವ ಧೈರ್ಯ ಕಾಕಾನಿಗೆ ಆಗಲಿಲ್ಲ. ಕ್ಲಾಸು ಬದಲಾದೀತಲ್ಲ!

ನನ್ನನ್ನೂ ಬಿಡಲಿಲ್ಲ. ನೋಡಲು ಹೋದ ಹುಡುಗಿ ನನ್ನನ್ನು ಒಲ್ಲೆ ಎಂದಳೆಂದು ಮುಖ ಸಪ್ಪಗೆ ಮಾಡಿ ಕೂತಿದ್ದೆ. “ಆಕಿಗೆ ಇಪ್ಪತ್ತು ಮಂದಿನ್ನ ನಿರಾಕರಿಸಿದ ಅನುಭವ ಐತಿ. ನೀ ಹೊಸಬರ ಕ್ಲಾಸಿನಾಂವ. ಆಕಿ ಜೋಡಿ ಸೋತರ ಅದು ಸೋಲs ಅಲ್ಲ,” ಎಂದು ಬೆನ್ನು ತಟ್ಟಿದರು. ಏನು ಮಾಯವೋ, ನನಗೆ ನಿಜಕ್ಕೂ ಸಮಾಧಾನವಾಯಿತು!

ಕನ್ನಡ ಸಂಘದವರು ಇದೊಂದೂ ಗೊತ್ತಿಲ್ಲದೆ ರಾಜ್ಯೋತ್ಸವದ ಮ್ಯೂಸಿಕಲ್ ಚೇರಿಗೆ ಕಾಕಾನನ್ನು ತೀರ್ಪುಗಾರರನ್ನಾಗಿ ಮಾಡಿದರು. ಕಾಕಾ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಮೊಣಕಾಲು ನೋವಿದ್ದವರು, ಇಲ್ಲದವರು, ಆರು ಗಜದ ಸೀರೆ, ಒಂಬತ್ತು ಗಜದ ಸೀರೆ, ಚೂಡಿದಾರ, ಎತ್ತರದ ಚಪ್ಪಲಿ ಎಂದು ವಿಂಗಡಿಸುತ್ತ ಹೋದರು. ಕೊನೆಗೆ ಒಂದೊಂದು ಕ್ಲಾಸಿನಲ್ಲಿ ಒಬ್ಬೊಬ್ಬರೇ ಉಳಿದರು! ಒಂದು ಕುರ್ಚಿ, ಒಬ್ಬ ಹೆಂಗಸು, ಸುತ್ತ ಸಂಗೀತ. ಎಲ್ಲರಿಗೂ ಮೊದಲ ಬಹುಮಾನ! ಸ್ಟೀಲ್ ಡಬ್ಬಿ ಸಾಲದೆ ಕಾರ್ಯದರ್ಶಿಗಳು ಕಾರ್ಯಕ್ರಮದ ನಡುವೆಯೇ ಬಜಾರಿಗೆ ಓಡಿದರು. ಆಮೇಲೆ ಸಂಘದವರು ಕಾಕಾನನ್ನು ಪ್ರೇಕ್ಷಕರ ಕ್ಲಾಸಿನಲ್ಲೇ ಉಳಿಸಿಕೊಂಡರು.

ಇಷ್ಟೆಲ್ಲ ಆದ ಮೇಲೆ ಕಾಕಾ ಸ್ವತಃ ಸ್ಪರ್ಧೆಗಿಳಿಯುವ ಸುದ್ದಿ ಬಂತು. ಚಳಿಗಾಲದ ಒಂದು ಭಾನುವಾರ, ಕಳಮೇಶ್ವರದ ಕಡೆ ಒಂದು ಬಯಲಿನಲ್ಲಿ. ಕಾಕು ನಡುಗಿಹೋದರು. ಟೀವಿಯಲ್ಲಿ ಕಾರುಗಳು ಒಂದರ ಮೇಲೊಂದು ಹತ್ತಿ ಹೊತ್ತಿ ಉರಿಯುವುದನ್ನು ಅವರು ನೋಡಿದ್ದರು. ಊಟ ಬಿಟ್ಟರು, ಮಾತು ಬಿಟ್ಟರು. ಕೊನೆಗೆ ಕಾಕಾ ಆಣೆ ಮಾಡಿ ಒಪ್ಪಿಸಿದರು: “ನಂದು ಸ್ಟಾಕ್ ಕ್ಲಾಸು. ಎಲ್ಲಾ ನನ್ನಂಥಾ ಮುದುಕ ಗಾಡಿನs ಇರತಾವ. ನೀನೂ ಬಾ, ಕಣ್ಣಾರೆ ನೋಡು.”

ಅಜ್ಜಿಯನ್ನು ಪಕ್ಕದ ಮನೆಯ ಮರಾಠಿ ಬಾಯಿಯವರಿಗೆ ಒಪ್ಪಿಸಿ, ಮಧ್ಯಾಹ್ನದ ಊಟಕ್ಕೆ ಬರುತ್ತೇವೆಂದು ಹೇಳಿ ಹೊರಟೆವು. ಕಾಕಾ ಕಾಕು ಕಾರಿನಲ್ಲಿ, ನಾನು ಸ್ಕೂಟರಿನಲ್ಲಿ. ಅವರು ಬರುವಷ್ಟರಲ್ಲಿ ನಾನು ಬಯಲಿನ ತಿಂಡಿ ಗಾಡಿಯಲ್ಲಿ ತರ್ರಿ ಎಂಬ ಖಾರದ ಸಾರು ಹಾಕಿದ ಅವಲಕ್ಕಿ ಪೋಹೆ ಎರಡು ಪ್ಲೇಟು ತಿಂದು, ಚಹಾ ಕುಡಿದು, ಪೇಪರ್ ಓದಿ ಮುಗಿಸಿದ್ದೆ!

ಸ್ಪರ್ಧೆಗೆ ಮೊದಲು ಕಾರುಗಳ ತಪಾಸಣೆ. ಟೋಪಿ ಹಾಕಿದ ತರುಣನೊಬ್ಬ ಬಾನೆಟ್ ತೆಗೆದು ನೋಡಿದ, ಟೈರು ನೋಡಿದ, ಹಿಂದಿನ ಬಾಗಿಲು ತೆಗೆದವನು ಹಾಗೇ ನಿಂತ.

“ಅಂಕಲ್, ಪೀಛೇ ಕೀ ಸೀಟ್ ಕಹಾಂ ಹೈ?”

“ಘರ್ ಪೇ ಹೈ.”

“ಘರ್ ಪೇ ಕ್ಯೂಂ?”

“ಉಸ್ ಪರ್ ಮೇರೀ ಸಾಸ್ ಬೈಠೀ ಹೈ!”

ನಗಬೇಡಿ, ಹಿಂದಿನ ಸೀಟು ಮನೆಯಲ್ಲಿದೆ, ಅದರ ಮೇಲೆ ಅತ್ತೆ ಕೂತಿದ್ದಾರೆ ಎಂಬ ಮಾತು ಅಕ್ಷರಶಃ ನಿಜ. ಕೆಲವು ತಿಂಗಳ ಹಿಂದೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಸ್ಪತ್ರೆಯಿಂದ ಕರೆತಂದ ದಿನ ಮನೆ ಬಂದರೂ ಕಾರಿನಿಂದ ಇಳಿಯಲೊಲ್ಲರು. “ಇದರ ಮ್ಯಾಲೆ ಕುಂತರ ನೋವs ಇಲ್ಲ. ನಾ ಇಲ್ಲೇ ಇರತೇನಿ,” ಎಂದುಬಿಟ್ಟರು. ಹೇಗೋ ಇಳಿಸಿದ್ದಾಯಿತು. ಆದರೆ ಒಳಗೆ ಒಂದು ಕುರ್ಚಿ ಎತ್ತರ, ಒಂದು ತಗ್ಗು, ಮಂಚ ಗಟ್ಟಿ. ಕಾಕಾ ಅಂದೇ ಸಂಜೆ ಪಾನಾ ಹಿಡಿದು ಹಿಂದಿನ ಸೀಟನ್ನು ಬಿಚ್ಚಿ, ಪಡಸಾಲೆಯ ಮರದ ಬೆಂಚಿಗೆ ಕೂರಿಸಿ ನಟ್ಟು ಬೋಲ್ಟು ಬಿಗಿದರು. ಅಂದಿನಿಂದ ಅಜ್ಜಿಯ ಸಂಸಾರವೆಲ್ಲ ಅದರ ಮೇಲೆ. ಮೂಳೆ ಕೂಡಿದೆ, ನಡೆಯಬಹುದು ಎಂದು ಡಾಕ್ಟರು ಎಷ್ಟು ಹೇಳಿದರೂ ಅಜ್ಜಿಗೆ ಮತ್ತೆ ಬಿದ್ದೇನೆಂಬ ಭಯ. ಇಬ್ಬರು ಹಿಡಿಯದೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ.

ತರುಣ ತಲೆ ಕೆರೆದುಕೊಂಡ. ಸ್ಟಾಕ್ ಎಂದರೆ ಎಲ್ಲ ಸೀಟೂ ಇರಬೇಕು, ಸೀಟು ತೆಗೆದರೆ ಕಾರು ಹಗುರಾಗಿ ಜೋರು ಓಡುತ್ತದೆ, ಆದ್ದರಿಂದ ಈ ಕಾರು ಮಾಡಿಫೈಡ್ ಎಂದ. ಕಾಕಾನ ಕಾರು ಜೋರು ಓಡುತ್ತದಂತೆ! ಅದನ್ನು ಕೇಳಿ ಸ್ವತಃ ಕಾರಿಗೂ ನಾಚಿಕೆಯಾಗಿರಬೇಕು. ಮಾಡಿಫೈಡ್ ಸಾಲಿನಲ್ಲಿ ನಿಂತಿದ್ದವೋ, ಒಂದೊಂದೂ ಹುಲಿ! ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಗುರುಗುಟ್ಟುತ್ತ ಹೊಗೆ ಕಾರುತ್ತಿದ್ದವು.

ನಾನೆಂದೆ, “ಕಾಕಾ, ಟೈಮ್ ಐತಿ. ಟೆಂಪೋ ಮಾಡಿ ಸೀಟು ತರತೇನಿ.”

“ಅಜ್ಜಿನ್ನ ಎಬ್ಬಿಸಿ ತರತೀಯೇನು?” ಎಂದರು ಕಾಕಾ. “ಆಕಿ ಎಲ್ಲೆ ಕೂಡಬೇಕು? ಹುಡುಗ ಹೇಳೂದು ಬರೋಬರ್ ಐತಿ. ನಾ ಮಾಡಿಫೈಡ್!”

ಕಾಕು ನನ್ನ ತೋಳನ್ನು ಉಗುರು ಇಳಿಯುವಂತೆ ಹಿಡಿದರು. “ಆ ರಾಕ್ಷಸರ ನಡುವ ಇವರನ್ನ ಬಿಡಬ್ಯಾಡೋ! ನಾಕೂ ಕಡೆಯಿಂದ ಗುದ್ದತಾವೋ!”

ಮೊದಲು ಓಡಬೇಕಾದದ್ದೂ ಅದೇ ಕ್ಲಾಸು. ಬಾವುಟ ಬಿತ್ತು. ಕಾಕು ಕಣ್ಣು ಮುಚ್ಚಿ ಮನೆದೇವರಿಂದ ಹಿಡಿದು ಬೀದಿಯ ಗಣಪತಿಯ ತನಕ ಎಲ್ಲರನ್ನೂ ಕರೆದರು. ನಾನು ನೋಡುತ್ತೇನೆ, ಕಾಕಾನ ಕಾರು ಒಂದೇ ಹೊರಟಿದೆ! ಹುಲಿಗಳೆಲ್ಲ ನಿಂತಲ್ಲೇ ನಿಂತಿವೆ.

“ಕಾಕು, ಕಣ್ಣು ತಗೀರಿ. ಉಳಿದಾವು ಬರವಲ್ಲವು!”

ಪಕ್ಕದಲ್ಲಿದ್ದ ಟೋಪಿಯ ತರುಣ ನಕ್ಕ. “ಕಾಕೂ, ಏಕಾ ವೇಳೀ ಏಕಚ್ ಗಾಡೀ.” ಒಂದು ಸಲಕ್ಕೆ ಒಂದೇ ಕಾರಂತೆ! ಪೈಪೋಟಿಯೆಲ್ಲ ಅವನ ಕೈಯಲ್ಲಿದ್ದ ಗಡಿಯಾರದ ಜೊತೆಗೆ.

“ಅಂದ್ರ ಯಾರೂ ಯಾರಿಗೂ ಗುದ್ದೂದಿಲ್ಲ?”

“ಗುದ್ದಿದ್ರ ಕೋನಿಗೆ ಗುದ್ದಬೇಕು, ಕಾಕು.”

ಕಾಕು ನೆಲದ ಮೇಲೆ ಕೂತೇಬಿಟ್ಟರು. ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರು ಹೊರಗೆ ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. “ಹಗಲೂ ರಾತ್ರಿ ಕ್ಲಾಸು ಕ್ಲಾಸು ಅಂತ ತಲಿ ತಿಂದ್ರು, ಇದೊಂದು ಮಾತು ಹೇಳಾಕ ಬಾಯಿ ಇರಲಿಲ್ಲೇನು ಇವರಿಗೆ?”

ಅತ್ತ ಕಾಕಾನ ಓಟ ನಡೆದಿತ್ತು. ಪ್ರತಿ ಕೋನಿನ ಹತ್ತಿರ ಇಂಡಿಕೇಟರ್ ಹಾಕುತ್ತಿದ್ದರು! ನಂಬಿಕೆ ಸಾಲದೆ ಕೈಯನ್ನೂ ಹೊರಗೆ ಚಾಚುತ್ತಿದ್ದರು. ಕೋನು ಅಡ್ಡ ಬಂದೀತೆಂದು ಹಾರ್ನ್ ಬೇರೆ! ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಂದು ಕೋನೂ ಬೀಳಲಿಲ್ಲ. ಆದರೆ ಎಲ್ಲ ಹುಲಿಗಳೂ ಓಡಿದ ಮೇಲೆ ನೋಡಿದರೆ, ಕಾಕಾ ಕಟ್ಟಕಡೆಯವರು.

ಅವರ ಮುಖ ಮಾತ್ರ ಅರಳಿತ್ತು. “ಲಾಸ್ಟ್ ಬಂದೇನಿ ಖರೆ, ಎಂಥಾ ಕ್ಲಾಸಿನಾಗ ಲಾಸ್ಟ್ ಬಂದೇನಿ ನೋಡು!” ಆಮೇಲೆ ಸ್ಟಾಕ್ ಕಾರುಗಳೂ ಓಡಿದವು. ಆ ಕ್ಲಾಸಿನಲ್ಲಿದ್ದರೂ ಕಾಕಾ ಕೊನೆಯವರೇ ಆಗುತ್ತಿದ್ದರು.

ಎಲ್ಲ ಕ್ಲಾಸುಗಳ ಓಟ ಮುಗಿಯುವ ತನಕ ಕಾಕಾ ಕದಲಲಿಲ್ಲ. ನಾವು ಲಕ್ಷ್ಮೀ ನಗರ ಸೇರುವಾಗ ದೀಪ ಹಚ್ಚುವ ಹೊತ್ತು. ನಮ್ಮ ಬೀದಿಗೆ ತಿರುಗಿದ ಕೂಡಲೇ ಕಾಕಾ ಗಕ್ಕನೆ ಬ್ರೇಕ್ ಹಾಕಿದರು. ಹಿಂದಿದ್ದ ನಾನು ಸ್ಕೂಟರನ್ನು ಹೇಗೋ ತಡೆದು ಮುಂದೆ ನೋಡಿದೆ.

ನಮ್ಮ ಗೇಟಿನಲ್ಲಿ ಅಜ್ಜಿ ನಿಂತಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗೇಟಿನ ಸರಳಿನ ಮೇಲೆ. ಹಿಂದೆ ಪಕ್ಕದ ಮನೆಯ ಬಾಯಿಯವರು ಕುರ್ಚಿ ಹಿಡಿದುಕೊಂಡು ಅಳುವ ದನಿಯಲ್ಲಿ ಹೇಳುತ್ತಿದ್ದರು, “ಕಿತೀ ಸಾಂಗಿತಲಂ! ಆಜೀ ಐಕತಚ್ ನಾಹೀತ್!” ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಮಧ್ಯಾಹ್ನ ದಾಟಿದಾಗಿನಿಂದ ರಸ್ತೆಯಲ್ಲಿ ಕಾರಿನ ಸಪ್ಪಳವಾದಾಗಲೆಲ್ಲ ಒಬ್ಬರೇ ಎದ್ದು ಗೇಟಿಗೆ ಬರುವುದು, ನೋಡುವುದು, ಹಿಂದಿರುಗುವುದು.

ಕಾಕು “ಅವ್ವಾ!” ಎಂದು ಓಡಿದರು. ಅಜ್ಜಿ ಮಗಳನ್ನು ಪಕ್ಕಕ್ಕೆ ಸರಿಸಿ, ಅಳಿಯನ ತೋಳು, ಭುಜ, ಹಣೆಯನ್ನು ಮುಟ್ಟಿ ಮುಟ್ಟಿ ನೋಡಿದರು.

“ಎಲ್ಲೂ ಪೆಟ್ಟಾಗಿಲ್ಲಲ್ರಿ?”

ಕಾಕಾ ಇಲ್ಲವೆಂದು ತಲೆಯಾಡಿಸಿ, ಅಜ್ಜಿಯ ಕೈಯನ್ನು ತಮ್ಮ ಹೆಗಲಿಗೆ ಇಟ್ಟುಕೊಂಡು, ಅವರಷ್ಟೇ ಸಣ್ಣ ಹೆಜ್ಜೆ ಹಾಕುತ್ತ ಪಡಸಾಲೆಯ ಕಡೆ ನಡೆದರು. ನಡುರಸ್ತೆಯಲ್ಲಿ ಕಾರು ಬಾಗಿಲು ತೆರೆದುಕೊಂಡು ನಿಂತಿತ್ತು. ಹಿಂದೆ ಬಂದು ನಿಂತ ರಿಕ್ಷಾದವನೂ ಹಾರ್ನ್ ಹೊಡೆಯದೆ, ಅವರಿಬ್ಬರೂ ಮೆಟ್ಟಿಲು ಹತ್ತುವ ತನಕ ಸುಮ್ಮನೆ ನೋಡುತ್ತಿದ್ದ.