ಕೆಂಪು ಕಾರ್ಡು ಮತ್ತು ಬಿಲ್ಡಿಂಗಿನ ಶಾಂತಮೂರ್ತಿಗಳು

ನನ್ನ ಒಂಬತ್ತು ವರ್ಷದ ಮಗಳಿಗೆ ಎಡಿಎಚ್‌ಡಿ ಇದೆಯೆಂದು ಗೊತ್ತಾದ ದಿನದಿಂದ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ಮನೆಗೊಬ್ಬ ಡಾಕ್ಟರು ಹುಟ್ಟಿಕೊಂಡಿದ್ದಾರೆ. ಸಿಟ್ಟು ಬಂದರೆ ತಡೆದುಕೊಳ್ಳುವುದು ಅವಳಿಗೆ ನಿಜಕ್ಕೂ ಕಷ್ಟ, ಬೇಕಂತ ಮಾಡುವುದಲ್ಲ ಎಂದು ಓದಿದ ಡಾಕ್ಟರು ಹೇಳಿದ್ದಾರೆ. ಓದದ ಡಾಕ್ಟರುಗಳಿಗೆ ಅದು ಒಪ್ಪಿಗೆಯಿಲ್ಲ. ಹೀಗಾಗಿ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಎರಡು ಪೆಟ್ಟು

ಎದುರು ಮನೆಯ ಉಡುಪಿ ಕಡೆಯ ಅಜ್ಜಿ ಬಾಗಿಲಲ್ಲೇ ಔಷಧಿ ಬರೆದುಕೊಟ್ಟರು. "ಎರಡು ಪೆಟ್ಟು ಕೊಡಿ ಮಾರಾಯ್ರೆ, ಸರಿ ಆಗ್ತಾಳೆ."

ಅಷ್ಟರಲ್ಲಿ ಅವರ ಮನೆಯೊಳಗೆ ತಟ್ಟೆ ಗೋಡೆಗೆ ಬಡಿದ ಸದ್ದು. ಸಾಂಬಾರಿಗೆ ಉಪ್ಪು ಕಮ್ಮಿಯಾದರೆ ಅಜ್ಜನದು ಇದೇ ಕ್ರಮ.

"ಅಜ್ಜಗ ಸಣ್ಣಾಂವ ಇದ್ದಾಗ ಯಾರೂ ಹೊಡದಿಲ್ಲೇನ್ರೀ?" ಎಂದೆ.

"ಅಯ್ಯೋ, ಹೊಡೆಯದ ದಿನವೇ ಇಲ್ಲಂತೆ" ಎಂದರು ಅಜ್ಜಿ.

ನಾಲ್ಕನೆಯ ಸೀಟು

ಥೆರಪಿಗೆ ಹೊರಟಿದ್ದೆವು. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಕಿಟಕಿ ಸಿಗಲಿಲ್ಲವೆಂದು ಮಗಳು ನೆಲಕ್ಕೆ ಕಾಲು ಬಡಿದು ಅತ್ತಳು. ಕಿಟಕಿ ಪಕ್ಕದ ಹೆಂಗಸು ನನಗೆ ಘಾಟ್‌ಕೋಪರ್‌ವರೆಗೂ ಉಪದೇಶ ಮಾಡಿದಳು: ಮಕ್ಕಳಿಗೆ ಹೊಂದಿಕೊಳ್ಳುವುದನ್ನು ತಾಯಿಯೇ ಕಲಿಸಬೇಕಂತೆ.

ಘಾಟ್‌ಕೋಪರ್‌ನಲ್ಲಿ ಹತ್ತಿದವಳೊಬ್ಬಳು ಅದೇ ಸೀಟಿನ ಅಂಚಿಗೆ ಬಂದು, ಮೂವರ ಜಾಗದಲ್ಲಿ ನಾಲ್ಕನೆಯವಳಾಗಿ ಕೂರಲು "ಥೋಡಾ ಸರ್‌ಕೋ" ಎಂದಳು. ಉಪದೇಶಕಿ ಅಲ್ಲಿಂದ ದಾದರ್‌ವರೆಗೆ ಅರಚಿದಳು. ಮಗಳು ಅಳುವುದನ್ನು ಮರೆತು ಕೈಕಟ್ಟಿ ಕೂತು ನೋಡಿದಳು. ಆ ದಿನದ ಥೆರಪಿ ಅಲ್ಲೇ ಮುಗಿದಿತ್ತು.

ಸೊಸೈಟಿ ಮೀಟಿಂಗ್

ಬ್ಯಾಡ್ಮಿಂಟನ್‌ನಲ್ಲಿ ಸೋತ ಸಿಟ್ಟಿಗೆ ಮಗಳು ರಾಕೆಟ್ ಎಸೆದಿದ್ದಳು. ಅದಕ್ಕೆ ಅವಳು ಇನ್ನು ಕಾಂಪೌಂಡಿನಲ್ಲಿ ಆಡಕೂಡದೆಂದು ಸೊಸೈಟಿಯವರು ಠರಾವು ತಂದರು. ಇಡೀ ದಿನದಲ್ಲಿ ಅವಳು ನಗುವುದು ಆಡುವ ಆ ಒಂದು ಗಂಟೆ. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಮೀಟಿಂಗಿಗೆ ಕರೆದೊಯ್ದೆ. "ಇವತ್ತ ಒಂದ್ ದಿನ ಒದರಬ್ಯಾಡವ್ವಾ" ಎಂದು ಬೇಡಿಕೊಂಡಿದ್ದೆ.

ಸೆಕ್ರೆಟರಿ ಎದ್ದರು. "ಯಾರಿಗೆ ತಮ್ಮ ಮೇಲೆ ಹಿಡಿತವಿಲ್ಲವೋ ಅವರು ನಾಲ್ಕು ಜನರ ನಡುವೆ ಇರಬಾರದು" ಎಂದರು. ಹಿಂದಿನಿಂದ ಯಾರೋ, "ಮೊದಲು ಗೆಸ್ಟ್ ಪಾರ್ಕಿಂಗ್‌ನಿಂದ ನಿಮ್ಮ ಕಾರು ತೆಗೀರಿ" ಎಂದರು. ಅಷ್ಟೇ. ಸೆಕ್ರೆಟರಿ ರಿಜಿಸ್ಟರ್ ಎಸೆದರು, ಕುರ್ಚಿ ಒದ್ದರು, ಮುಖ ಕೆಂಪಾಗಿ ಕಿರುಚತೊಡಗಿದರು.

ಕಿವಿ ಮುಚ್ಚಿಕೊಂಡಿದ್ದ ಮಗಳು ಎದ್ದು ನಿಂತಳು. ಒದರುತ್ತಾಳೇನೋ ಎಂದು ಅವಳ ಕೈ ಹಿಡಿಯಹೋದೆ. ಅವಳು ಜೇಬಿನಿಂದ ಥೆರಪಿಯವರು ಕೊಟ್ಟ ಕೆಂಪು ಕಾರ್ಡು ತೆಗೆದಳು. ಸಿಟ್ಟು ಏರಿದಾಗ ತೋರಿಸಿ ಐದು ನಿಮಿಷ ಹೊರಗೆ ಹೋಗಿ, ನೀರು ಕುಡಿದು, ವಾಪಸ್ ಬಂದು ಸಾರಿ ಹೇಳುವ ಕಾರ್ಡು ಅದು. ನೇರ ಹೋಗಿ ಸೆಕ್ರೆಟರಿಯ ಮುಖದೆದುರು ಹಿಡಿದಳು.

"ಅಂಕಲ್, ಪಾಂಚ್ ಮಿನಿಟ್ ಬಾಹರ್ ಜಾವೋ. ಪಾನಿ ಪಿಯೋ. ವಾಪಸ್ ಆಕರ್ ಸಾರಿ ಬೋಲ್ನಾ."

ದಿಕ್ಕು ತೋಚದೆ ಸೆಕ್ರೆಟರಿ ಹೊರಗೆ ಹೋಗಿಯೇಬಿಟ್ಟರು. ಠರಾವು ಓದಬೇಕಾದವರೇ ಇಲ್ಲವೆಂದು ಚೇರ್ಮನ್ ನಗು ತಡೆದುಕೊಂಡು ಅದನ್ನು ಕೈಬಿಟ್ಟರು.

ಮೆಟ್ಟಿಲು ಹತ್ತುವಾಗ ಮಗಳು ಕೇಳಿದಳು, "ಮಮ್ಮಿ, ಅಂಕಲ್‌ಗೂ ಎಡಿಎಚ್‌ಡಿ ಅದ ಏನು?"

"ಇಲ್ಲವ್ವಾ" ಎಂದೆ. "ಅವರು ನಾರ್ಮಲ್ ಇದ್ದಾರ."